ಕೈ ಕಲಿಯಬೇಕಾದ ಕರುಣೆ: ಯೂಫಾ ಸಂಸ್ಥೆಯ ನೂರು ವರ್ಷ

ಪ್ರಯೋಗಶಾಲೆಯ ಪ್ರಾಣಿಯನ್ನು ಮುಟ್ಟುವ ಮೊದಲು ಸಂಶೋಧಕ ತರಬೇತಿ ಪಡೆದಿರಬೇಕು ಎಂಬುದು ಇಂದು ಹಲವು ದೇಶಗಳಲ್ಲಿ ಕಾನೂನು. ಪ್ರಾಣಿಯನ್ನು ಹೇಗೆ ಎತ್ತಬೇಕು, ಅದರ ನೋವನ್ನು ಹೇಗೆ ಗುರುತಿಸಬೇಕು, ಪ್ರಯೋಗವನ್ನು ಯಾವ ಘಟ್ಟದಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಕಲಿತು ಆಮೇಲೆ ಪಂಜರದ ಬಾಗಿಲು ತೆರೆಯಬೇಕು. ಈ ಪದ್ಧತಿಯ ಹಿಂದೆ ಅನೇಕರ ದುಡಿಮೆಯಿದೆ. ಆದರೆ ಅದರ ಮೊದಲ ಎಳೆ ಹಿಡಿದು ಹೊರಟರೆ ನಾವು ತಲುಪುವುದು 1926ರ ಲಂಡನ್ನಿಗೆ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಂದು ಚಿಕ್ಕ ಸಂಘಕ್ಕೆ. ಹೆಸರು ‘ಯೂನಿವರ್ಸಿಟಿ ಆಫ್ ಲಂಡನ್ ಅನಿಮಲ್ ವೆಲ್ಫೇರ್ ಸೊಸೈಟಿ’. 1938ರಲ್ಲಿ ಬೇರೆ ವಿಶ್ವವಿದ್ಯಾಲಯಗಳನ್ನೂ ಸೇರಿಸಿಕೊಂಡು ಅದು ‘ಯೂನಿವರ್ಸಿಟೀಸ್ ಫೆಡರೇಶನ್ ಫಾರ್ ಅನಿಮಲ್ ವೆಲ್ಫೇರ್’ ಆಯಿತು. ಬಳಕೆಯಲ್ಲಿ ಯೂಫಾ. 2026ಕ್ಕೆ ಅದಕ್ಕೆ ನೂರು ತುಂಬುತ್ತದೆ. ಆ ನೆಪದಲ್ಲಿ ಅದರ ಕತೆಯನ್ನು ಕನ್ನಡದಲ್ಲಿ ಹೇಳಬೇಕೆನಿಸಿತು. ಪ್ರಾಣಿದಯೆಯ ಸಂಘಗಳು ಬೇಕಾದಷ್ಟಿವೆ. ದಯೆಯನ್ನು ವಿಜ್ಞಾನಿಯ ಕಸುಬಿನೊಳಗೇ ಸೇರಿಸಲು ಹೊರಟ ಸಂಘಗಳು ಬಹಳ ಕಡಿಮೆ.

ಈ ಸಂಘ ಹುಟ್ಟಿದ ಕಾಲದ ಲಂಡನ್ನಿನಲ್ಲಿ ಪ್ರಾಣಿಪ್ರಯೋಗ ಎಂಬ ಮಾತೆತ್ತಿದರೆ ಸಾಕು, ಜನ ಎರಡು ಪಾಳೆಯವಾಗಿ ನಿಲ್ಲುತ್ತಿದ್ದರು. ಅದಕ್ಕೆ ಕಾರಣವಾದ ಜಗಳಗಳಲ್ಲಿ ಕಂದು ನಾಯಿಯ ಪ್ರಕರಣ ದೊಡ್ಡದು. 1903ರ ಫೆಬ್ರವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಾಠದ ಕೊಠಡಿಯಲ್ಲಿ ಶರೀರವಿಜ್ಞಾನಿ ವಿಲಿಯಂ ಬೇಲಿಸ್ ಒಂದು ಕಂದು ಟೆರಿಯರ್ ನಾಯಿಯ ಮೇಲೆ ಪ್ರಾತ್ಯಕ್ಷಿಕೆ ನಡೆಸಿದರು. ಬೇಲಿಸ್ ಸಾಮಾನ್ಯರಲ್ಲ, ಹಿಂದಿನ ವರ್ಷವಷ್ಟೇ ಸ್ಟಾರ್ಲಿಂಗ್ ಜೊತೆ ಸೇರಿ ಸೆಕ್ರೆಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದವರು. ಅಂದು ಪಾಠ ಕೇಳುತ್ತಾ ಕೂತಿದ್ದವರಲ್ಲಿ ಸ್ವೀಡನ್ನಿನ ಇಬ್ಬರು ತರುಣಿಯರಿದ್ದರು. ನಾಯಿಗೆ ಅರಿವಳಿಕೆ ಸರಿಯಾಗಿ ಕೊಟ್ಟಿರಲಿಲ್ಲ, ಅದು ಒದ್ದಾಡುತ್ತಿತ್ತು ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಸರಿಯಾಗಿಯೇ ಕೊಟ್ಟಿದ್ದೆ ಎಂದರು ಬೇಲಿಸ್. ಆರೋಪ ಬಹಿರಂಗವಾದ ಮೇಲೆ ವಿಷಯ ಕೋರ್ಟಿಗೆ ಹೋಯಿತು, ಮಾನನಷ್ಟ ಮೊಕದ್ದಮೆಯಲ್ಲಿ ಬೇಲಿಸ್ ಗೆದ್ದರು. 1906ರಲ್ಲಿ ಬ್ಯಾಟರ್ಸಿ ಬಡಾವಣೆಯಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ಎದ್ದಿತು. ಅದನ್ನು ಕೆಡವಲು ವೈದ್ಯಕೀಯ ವಿದ್ಯಾರ್ಥಿಗಳು ಹೊರಟರು. 1907ರ ಡಿಸೆಂಬರಿನಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಅವರಿಗೂ ಪೊಲೀಸರಿಗೂ ಹೊಡೆದಾಟವಾಯಿತು. ಕೊನೆಗೆ 1910ರಲ್ಲಿ ರಾತ್ರೋರಾತ್ರಿ ಪೊಲೀಸ್ ಕಾವಲಿನಲ್ಲಿ ಪ್ರತಿಮೆಯನ್ನು ತೆಗೆಸಿದರು.

ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡುವುದು ಕೋರ್ಟಿನ ತೀರ್ಪಲ್ಲ, ಅರಿವಳಿಕೆಯ ಪ್ರಶ್ನೆ. ಒಂದು ಕೊಠಡಿಯ ತುಂಬ ಜನ ನೋಡುತ್ತಿದ್ದಾರೆ. ಒಬ್ಬರಿಗೆ ಆ ನಾಯಿ ನೋವಿನಿಂದ ಒದ್ದಾಡಿದಂತೆ ಕಾಣುತ್ತದೆ, ಇನ್ನೊಬ್ಬರಿಗೆ ಅದು ಪ್ರಜ್ಞೆಯಿಲ್ಲದ ದೇಹದ ನಡುಕ. ಪ್ರಾಣಿ ನೋವು ಉಣ್ಣುತ್ತಿದೆಯೋ ಇಲ್ಲವೋ ಎಂದು ನೋಡಿ ಹೇಳುವ, ಹತ್ತು ಜನ ಒಪ್ಪುವ ಒಂದು ವಿದ್ಯೆಯೇ ಆಗ ಇರಲಿಲ್ಲ. ಇಂಗ್ಲೆಂಡಿನಲ್ಲಿ 1876ರಿಂದಲೂ ಪ್ರಾಣಿಹಿಂಸೆ ತಡೆ ಕಾನೂನಿತ್ತು. ಪ್ರಯೋಗ ಮಾಡುವವರು ಗೃಹಮಂತ್ರಿಯಿಂದ ಲೈಸೆನ್ಸ್ ಪಡೆಯಬೇಕಿತ್ತು, ಅರ್ಜಿಗೆ ವಿದ್ವತ್ ಸಂಸ್ಥೆಯೊಂದರ ಅಧ್ಯಕ್ಷರು, ಒಬ್ಬ ಪ್ರಾಧ್ಯಾಪಕರು ಸಹಿ ಹಾಕಬೇಕಿತ್ತು. ಅರ್ಜಿದಾರನಿಗೆ ಮೊಲವನ್ನು ಸರಿಯಾಗಿ ಹಿಡಿಯಲು ಬರುತ್ತದೆಯೇ ಎಂದು ಆ ಕಾನೂನು ಕೇಳುತ್ತಿರಲಿಲ್ಲ.

ಸಂಘವನ್ನು ಕಟ್ಟಿದ ಮೇಜರ್ ಚಾರ್ಲ್ಸ್ ವೆಸ್ಟ್ಲಿ ಹ್ಯೂಮ್ ಕಾಲಿಟ್ಟಿದ್ದು ಇಂಥ ಸಂದರ್ಭದಲ್ಲಿ. ಹುಟ್ಟಿದ್ದು 1886ರಲ್ಲಿ, ಓದಿದ್ದು ವಿಜ್ಞಾನ, ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಮಿಲಿಟರಿ ಕ್ರಾಸ್ ಪಡೆದವರು. ದೈವಭಕ್ತ ಕ್ರೈಸ್ತರು, ಕ್ರೈಸ್ತಧರ್ಮದಲ್ಲಿ ಪ್ರಾಣಿಗಳ ಸ್ಥಾನವೇನು ಎಂಬುದರ ಮೇಲೆ ಪುಸ್ತಕವನ್ನೇ ಬರೆದರು. ಎರಡು ಪಾಳೆಯಗಳ ಕೂಗಾಟ ಪ್ರಾಣಿಗಳಿಗೆ ಒಂದಿಷ್ಟೂ ಉಪಯೋಗಕ್ಕೆ ಬರುತ್ತಿಲ್ಲ ಎಂಬುದು ಅವರಿಗೆ ಕಂಡಿತು. ಒಂದು ಕಡೆಯವರು ಪ್ರಯೋಗವನ್ನೇ ನಿಲ್ಲಿಸಿ ಎನ್ನುತ್ತಿದ್ದರು, ಅದು ಆಗುವಂತಿರಲಿಲ್ಲ. ಇನ್ನೊಂದು ಕಡೆಯವರು ನಮ್ಮ ಕೆಲಸದಲ್ಲಿ ತಲೆ ಹಾಕಬೇಡಿ ಎನ್ನುತ್ತಿದ್ದರು. ಪಂಜರದಲ್ಲಿದ್ದ ಗಿನಿಪಿಗ್ ಮಾತ್ರ ಇದ್ದಲ್ಲೇ ಇತ್ತು. ಹ್ಯೂಮ್ ವಿಶ್ವವಿದ್ಯಾಲಯದ ಗೇಟಿನ ಹೊರಗೆ ಫಲಕ ಹಿಡಿದು ನಿಲ್ಲದೆ ಒಳಗೆ ಹೋದರು. ವಿದ್ಯಾರ್ಥಿಗಳು, ಅಧ್ಯಾಪಕರು, ಪದವೀಧರರನ್ನೇ ಸದಸ್ಯರನ್ನಾಗಿ ಮಾಡಿಕೊಂಡರು. ಪ್ರಾಣಿಗಳ ಸಮಸ್ಯೆಯನ್ನು ವೈಜ್ಞಾನಿಕವಾಗಿ ಬಿಡಿಸಬೇಕು. ಅನುಕಂಪ ಎಷ್ಟು ಹೆಚ್ಚಿದ್ದರೂ ಸಾಲದು, ಭಾವುಕತೆ ಎಷ್ಟು ಕಡಿಮೆಯಿದ್ದರೂ ನಡೆದೀತು ಎಂಬುದು ಸಂಘದ ನಿಲುವಾಯಿತು.

ಆರಂಭದ ವರ್ಷಗಳಲ್ಲಿ ಸಂಘ ಪ್ರಯೋಗಶಾಲೆಗಿಂತ ಹೊಲದ ಕಡೆ ಹೆಚ್ಚು ನೋಡುತ್ತಿತ್ತು. ಮೊಲ ಹಿಡಿಯಲು ಇಂಗ್ಲೆಂಡಿನ ರೈತರು ಹಲ್ಲುಗಳಿರುವ ಕಬ್ಬಿಣದ ಜಿನ್ ಕತ್ತರಿ ಇಡುತ್ತಿದ್ದರು. ಕಾಲು ಸಿಕ್ಕಿಸಿಕೊಂಡ ಪ್ರಾಣಿ ರಾತ್ರಿಯೆಲ್ಲ ನರಳಬೇಕಿತ್ತು. ಅದು ಕ್ರೂರ ಎಂದು ಕರಪತ್ರ ಹಂಚಿ ಹ್ಯೂಮ್ ಸುಮ್ಮನಾಗಲಿಲ್ಲ. ಮೊಲದ ಕಾಟ ರೈತನಿಗೆ ನಿಜವಾದ ಕಾಟವೇ ಎಂದು ಒಪ್ಪಿಕೊಂಡು, ಅದಕ್ಕೆ ಬೇರೆ ದಾರಿಗಳಿವೆಯೇ ಎಂದು ಹುಡುಕಿ ತೋರಿಸಿದರು. 1954ರ ಕಾನೂನಿನಂತೆ 1958ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಕತ್ತರಿಗೆ ನಿಷೇಧ ಬಂತು. ದಶಕಗಳ ಕೆಲಸವದು. ಕೆಟ್ಟದ್ದನ್ನು ಬಿಡು ಎನ್ನುವ ಮೊದಲು ಅದರ ಬದಲಿಗೆ ಏನು ಮಾಡಬೇಕೆಂದು ಹೇಳುವ ಈ ಕ್ರಮವೇ ಮುಂದೆ ಪ್ರಯೋಗಶಾಲೆಯಲ್ಲೂ ನಡೆಯಿತು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಪ್ರಯೋಗಪ್ರಾಣಿಗಳ ಬಳಕೆ ಬಹಳ ಬೆಳೆದಿತ್ತು. ಲಸಿಕೆ, ವಿಟಮಿನ್, ಹಾರ್ಮೋನು, ಹೊಸ ಔಷಧ ಎಲ್ಲಕ್ಕೂ ಇಲಿ, ಚಿಟ್ಟಿಲಿ, ಮೊಲ, ಗಿನಿಪಿಗ್ ಬೇಕು. ಅವನ್ನು ಸಾಕುವುದು ಹೇಗೆಂದು ಹೇಳುವ ಒಂದು ಸಮಗ್ರ ಪುಸ್ತಕ ಮಾತ್ರ ಬ್ರಿಟನ್ನಿನ ಸಂಶೋಧಕನ ಮೇಜಿನ ಮೇಲೆ ಇರಲಿಲ್ಲ. ಒಂದು ಪಂಜರದಲ್ಲಿ ಎಷ್ಟು ಚಿಟ್ಟಿಲಿಗಳನ್ನು ಇಡಬಹುದು, ಕೋಣೆಯ ಉಷ್ಣತೆ ಎಷ್ಟಿರಬೇಕು, ಮರಿ ಹಾಕಿದ ಮೊಲವನ್ನು ಎಷ್ಟು ದಿನ ಮುಟ್ಟಬಾರದು ಎಂಬುದೆಲ್ಲ ಅನುಭವಿಗಳ ತಲೆಯಲ್ಲಿತ್ತು. ಅನುಭವಿ ಎಂದರೆ ಬಹಳ ಸಲ ಪ್ರಾಧ್ಯಾಪಕರಲ್ಲ, ಪಂಜರ ತೊಳೆಯುವ ಸಹಾಯಕ. ಅವನು ನಿವೃತ್ತನಾದರೆ ಜ್ಞಾನವೂ ಅವನ ಜೊತೆಗೇ ಮನೆಗೆ ಹೋಗುತ್ತಿತ್ತು. ಗೊತ್ತಿಲ್ಲದವರ ಕೈಯಲ್ಲಿ ಪ್ರಾಣಿಗಳು ಪ್ರಯೋಗಕ್ಕೆ ಮೊದಲೇ ಸಾಯುತ್ತಿದ್ದವು. ಗಿನಿಪಿಗ್‌ಗೆ ನಮ್ಮ ಹಾಗೆಯೇ ವಿಟಮಿನ್ ಸಿ ಆಹಾರದಿಂದಲೇ ಸಿಗಬೇಕು, ಅದರ ದೇಹ ತಾನೇ ತಯಾರಿಸಿಕೊಳ್ಳಲಾರದು. ಹಸಿ ಸೊಪ್ಪು ಕೊಡದೆ ಬರೀ ಒಣ ಧಾನ್ಯ ಹಾಕಿದರೆ ಕೆಲವೇ ವಾರಗಳಲ್ಲಿ ಸ್ಕರ್ವಿ ಬಂದು ಕೀಲು ಬಾತು ನರಳುತ್ತದೆ. ಅಂಥ ಪ್ರಾಣಿಯ ಮೇಲೆ ಔಷಧ ಪರೀಕ್ಷಿಸಿದರೆ ಸಿಗುವ ಫಲಿತಾಂಶ ಔಷಧದ್ದೋ, ಸ್ಕರ್ವಿಯದೋ? ಚಿಟ್ಟಿಲಿಗಳ ಕೋಣೆಗೆ ಎಕ್ಟ್ರೋಮೀಲಿಯಾದಂಥ ಸೋಂಕು ಹೊಕ್ಕರೆ ಇಡೀ ಸಂತತಿ ಹೋಗುತ್ತಿತ್ತು, ಜೊತೆಗೆ ತಿಂಗಳುಗಟ್ಟಲೆ ನಡೆಸಿದ ಪ್ರಯೋಗವೂ.

1947ರಲ್ಲಿ ಯೂಫಾ ಒಂದು ಕೈಪಿಡಿ ಹೊರತಂದಿತು. ಪ್ರಯೋಗಪ್ರಾಣಿಗಳ ಆರೈಕೆ ಮತ್ತು ನಿರ್ವಹಣೆ ಕುರಿತದ್ದು. ಸಂಪಾದಕರು ಆಲಸ್ಟೇರ್ ವರ್ಡನ್. ಒಂದೊಂದು ಪ್ರಾಣಿಯ ಬಗ್ಗೆ ಅದನ್ನು ಚೆನ್ನಾಗಿ ಬಲ್ಲವರಿಂದಲೇ ಅಧ್ಯಾಯ ಬರೆಸಿದರು. ನನ್ನ ಮಟ್ಟಿಗೆ ಯೂಫಾದ ನೂರು ವರ್ಷಗಳಲ್ಲಿ ಇದೇ ದೊಡ್ಡ ಕೆಲಸ. ಪುಸ್ತಕದ ಹೊದಿಕೆಯ ಮೇಲೆ ಪ್ರಾಣಿದಯಾ ಸಂಘವೊಂದರ ಹೆಸರು. ಒಳಗೆ ಪಂಜರದ ಅಳತೆ, ಮೇವು, ಸಂತಾನ, ರೋಗಗಳ ವಿವರ. ದಯೆಯ ಮಾತಿಗೆ ಮುಖ ತಿರುಗಿಸುತ್ತಿದ್ದ ವಿಜ್ಞಾನಿಯೂ ತನ್ನ ಇಲಿಗಳು ಯಾಕೆ ಸಾಯುತ್ತಿವೆ ಎಂದು ತಿಳಿಯಲು ಇದನ್ನು ತೆರೆಯಲೇಬೇಕು. ತೆರೆದವನು ಇಲಿಗೆ ಏನು ಬೇಕು ಎಂಬುದನ್ನು ಓದದೆ ಮುಚ್ಚುವಂತಿರಲಿಲ್ಲ. ಎರಡನೇ ಆವೃತ್ತಿ 1957ರಲ್ಲಿ ಬಂತು, ಆಮೇಲೆ ಒಂದರ ಹಿಂದೆ ಒಂದು. 2010ರಲ್ಲಿ ಎಂಟನೆಯದು, 2024ರಲ್ಲಿ ಒಂಬತ್ತನೆಯದು. ಒಂದೇ ಪುಸ್ತಕ ಎಪ್ಪತ್ತೇಳು ವರ್ಷ ಬೆಳೆಯುತ್ತಾ ಬಂದಿದೆ. ಮೊದಲ ಆವೃತ್ತಿಯ ಮುಖ್ಯ ಚಿಂತೆ ಪ್ರಾಣಿಯನ್ನು ರೋಗವಿಲ್ಲದೆ ಉಳಿಸಿಕೊಳ್ಳುವುದಾಗಿದ್ದರೆ, ಈಚಿನವುಗಳಲ್ಲಿ ಅದಕ್ಕೆ ಬೇಸರವಾಗದಂತೆ, ಅದರ ಸಹಜ ಸ್ವಭಾವಕ್ಕೆ ಅವಕಾಶವಿರುವಂತೆ ನೋಡಿಕೊಳ್ಳುವುದಕ್ಕೂ ಅಷ್ಟೇ ಜಾಗ ಸಿಕ್ಕಿದೆ.

ಪಂಜರ ತೊಳೆಯುವ ಸಹಾಯಕನಿಗೂ ಇದೇ ಕಾಲದಲ್ಲಿ ಬೆಲೆ ಬಂತು. 1950ರಲ್ಲಿ ಬ್ರಿಟನ್ನಿನಲ್ಲಿ ಪ್ರಾಣಿತಂತ್ರಜ್ಞರ ಸಂಘ ಹುಟ್ಟಿತು; ಅವರಿಗೆಂದೇ ಪಾಠ, ಪರೀಕ್ಷೆ, ಅರ್ಹತಾಪತ್ರ ಬಂದವು. ಅದೇ ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಅನಿಮಲ್ ಟೆಕ್ನಾಲಜಿ. ಹ್ಯೂಮ್ ಕೂಡ ಪ್ರಯೋಗಪ್ರಾಣಿಗಳ ಸ್ನೇಹ ಗಳಿಸುವುದು ಹೇಗೆಂದು ಒಂದು ಕಿರುಪುಸ್ತಕ ಬರೆದರು. ಪ್ರಾಣಿ ನಿಮ್ಮನ್ನು ಕಂಡು ಹೆದರದಿದ್ದರೆ ಪ್ರಯೋಗವೂ ಚೆನ್ನಾಗುತ್ತದೆ ಎಂಬ ಮಾತು ಆಗ ಹಲವರಿಗೆ ಹಗುರವಾಗಿ ಕಂಡಿರಬಹುದು. ಅರ್ಧ ಶತಮಾನದ ಮೇಲೆ ಪ್ರಯೋಗಗಳೇ ಅದನ್ನು ನಿಜವೆಂದು ತೋರಿಸಿದವು. ಆ ಮಾತಿಗೆ ಮುಂದೆ ಬರುತ್ತೇನೆ.

ಯೂಫಾದ ಹೆಸರನ್ನು ಜಗತ್ತಿಗೆ ಮುಟ್ಟಿಸಿದ ಕೆಲಸ 1954ರಲ್ಲಿ ಶುರುವಾಯಿತು. ಪ್ರಯೋಗದ ವಿಧಾನಗಳನ್ನೇ ಮಾನವೀಯತೆಯ ದೃಷ್ಟಿಯಿಂದ ವೈಜ್ಞಾನಿಕವಾಗಿ ಅಧ್ಯಯನ ಮಾಡಿಸಬೇಕೆಂದು ಹ್ಯೂಮ್ ಸೂಚಿಸಿದರು. ಅದಕ್ಕೆ ಇಬ್ಬರು ತರುಣರು ಸಿಕ್ಕರು. ವಿಲಿಯಂ ರಸೆಲ್ ಪ್ರಾಣಿವಿಜ್ಞಾನಿ, ಆಕ್ಸ್‌ಫರ್ಡಿನಲ್ಲಿ ಜೆನೋಪಸ್ ಎಂಬ ಆಫ್ರಿಕದ ಕಪ್ಪೆಯ ನಡವಳಿಕೆ ಅಧ್ಯಯನ ಮಾಡಿದವರು. ಸಾಹಿತ್ಯ, ಮನಶ್ಶಾಸ್ತ್ರ, ಇತಿಹಾಸ ಎಲ್ಲದರಲ್ಲೂ ಕೈಯಾಡಿಸಿದ ಬಹುಶ್ರುತ. ರೆಕ್ಸ್ ಬರ್ಚ್ ಸೂಕ್ಷ್ಮಜೀವಿವಿಜ್ಞಾನಿ. ಇವರಿಗೆ ಸಲಹೆ ಕೊಡುವ ಸಮಿತಿಗೆ ಪೀಟರ್ ಮೆಡವಾರ್ ಅಧ್ಯಕ್ಷರು. ಅಂಗಾಂಶ ಕಸಿಯ ರಹಸ್ಯ ಹುಡುಕುತ್ತಾ ಚಿಟ್ಟಿಲಿಗಳ ಮೇಲೆ ಸ್ವತಃ ಪ್ರಯೋಗ ಮಾಡುತ್ತಿದ್ದ ಮೆಡವಾರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. ಅಂಥವರು ಪ್ರಾಣಿಕ್ಷೇಮದ ಸಂಘವೊಂದರ ಮೇಜಿನ ಸುತ್ತ ಕೂತರು ಎಂಬುದೇ ಹ್ಯೂಮ್ ಅವರ ಮೂವತ್ತು ವರ್ಷದ ತಾಳ್ಮೆಯ ಫಲ. ಅಮೆರಿಕದ ಅನಿಮಲ್ ವೆಲ್ಫೇರ್ ಇನ್‌ಸ್ಟಿಟ್ಯೂಟಿನ ಸ್ಥಾಪಕಿ ಕ್ರಿಸ್ಟೀನ್ ಸ್ಟೀವನ್ಸ್ ಹಣದ ನೆರವು ಒದಗಿಸಿದರು.

ಬರ್ಚ್ ಪ್ರಯೋಗಶಾಲೆಗಳನ್ನು ಸುತ್ತಿದರು. ಕೆಲಸ ಮಾಡುವವರನ್ನು ಕಂಡು, ಏನು ಮಾಡುತ್ತೀರಿ, ಹೇಗೆ ಮಾಡುತ್ತೀರಿ, ಯಾಕೆ ಮಾಡುತ್ತೀರಿ ಎಂದು ಕೇಳಿದರು. ರಸೆಲ್ ಅದನ್ನೆಲ್ಲ ಸೋಸಿ ಜೋಡಿಸಿದರು. 1957ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಯೂಫಾ ನಡೆಸಿದ ವಿಚಾರಸಂಕಿರಣದಲ್ಲಿ ರಸೆಲ್ ಮೂರು ದಾರಿಗಳನ್ನು ಮುಂದಿಟ್ಟರು: ರಿಪ್ಲೇಸ್‌ಮೆಂಟ್, ರಿಡಕ್ಷನ್, ರಿಫೈನ್‌ಮೆಂಟ್. ಪ್ರಾಣಿಯ ಬದಲು ಬೇರೇನಾದರೂ ಆಗುತ್ತದೆಯೇ ನೋಡು; ಪ್ರಾಣಿಯೇ ಬೇಕೆಂದರೆ ಎಷ್ಟು ಕಡಿಮೆ ಸಾಕೆಂದು ಲೆಕ್ಕ ಹಾಕು; ಬಳಸುವ ಪ್ರತಿಯೊಂದಕ್ಕೂ ನೋವು, ಭಯ ಆದಷ್ಟು ತಗ್ಗುವಂತೆ ವಿಧಾನ ತಿದ್ದು. 1959ರಲ್ಲಿ ಇಬ್ಬರ ಹೆಸರಿನಲ್ಲಿ ಪುಸ್ತಕ ಬಂತು, ‘ದಿ ಪ್ರಿನ್ಸಿಪಲ್ಸ್ ಆಫ್ ಹ್ಯೂಮೇನ್ ಎಕ್ಸ್‌ಪೆರಿಮೆಂಟಲ್ ಟೆಕ್ನಿಕ್’.

ಈ ಮೂರರಲ್ಲಿ ಎರಡನೆಯದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಪ್ರಾಣಿಗಳ ಸಂಖ್ಯೆ ಇಳಿಸುವುದು ಎಂದರೆ ಇಪ್ಪತ್ತರ ಜಾಗದಲ್ಲಿ ಸುಮ್ಮನೆ ಹತ್ತು ಬಳಸುವುದಲ್ಲ. ಹತ್ತರಿಂದ ಉತ್ತರವೇ ಸಿಗದಿದ್ದರೆ ಆ ಹತ್ತೂ ವ್ಯರ್ಥವಾಗಿ ಸತ್ತಂತೆ. ರೊನಾಲ್ಡ್ ಫಿಶರ್ 1935ರಲ್ಲಿ ಪ್ರಯೋಗಗಳ ವಿನ್ಯಾಸದ ಕುರಿತು ಬರೆದ ಪುಸ್ತಕವನ್ನು ರಸೆಲ್ ಮತ್ತು ಬರ್ಚ್ ಚೆನ್ನಾಗಿ ಅರೆದು ಕುಡಿದಿದ್ದರು. ಒಂದೇ ಸೂಲಿನ ಮರಿಗಳನ್ನು ಎರಡೂ ಗುಂಪಿಗೆ ಹಂಚುವುದು, ಯಾವ ಪ್ರಾಣಿ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು, ವಯಸ್ಸು, ಮೇವು, ಕೋಣೆ ಒಂದೇ ಥರ ಇರುವಂತೆ ನೋಡಿಕೊಳ್ಳುವುದು: ಇಷ್ಟು ಮಾಡಿದರೆ ಕಡಿಮೆ ಪ್ರಾಣಿಗಳಿಂದಲೇ ಖಚಿತವಾದ ಉತ್ತರ ಬರುತ್ತದೆ. ಹ್ಯೂಮ್ ಸ್ವತಃ 1957ರಲ್ಲಿ ಪ್ರಯೋಗಗಳ ವ್ಯೂಹ, ತಂತ್ರಗಳ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಸಂಖ್ಯಾಶಾಸ್ತ್ರ ಕಲಿಯದ ಸಂಶೋಧಕ ಮನಸ್ಸಿನಲ್ಲಿ ಎಷ್ಟೇ ಮೃದುವಾಗಿದ್ದರೂ ಪ್ರಾಣಿಗೆ ಅನ್ಯಾಯ ಮಾಡಿಯೇ ಮಾಡುತ್ತಾನೆ. ಇಂದು ಒಳ್ಳೆಯ ತರಬೇತಿಗಳಲ್ಲಿ ಪ್ರಯೋಗ ವಿನ್ಯಾಸಕ್ಕೆ ಪ್ರತ್ಯೇಕ ಪಾಠವಿರುವುದು ಇದೇ ಕಾರಣಕ್ಕೆ.

ಬದಲಿಗೆ ದಾರಿಯಿದೆ ಎಂಬುದಕ್ಕೂ ಆ ಕಾಲದಲ್ಲೇ ಉದಾಹರಣೆಯಿತ್ತು. ಹೆಂಗಸು ಬಸುರಿಯೇ ಎಂದು ತಿಳಿಯಲು 1920ರ ದಶಕದ ಕೊನೆಯಿಂದ ಬಂದ ಪರೀಕ್ಷೆಗಳಿಗೆ ಚಿಟ್ಟಿಲಿಗಳನ್ನೋ ಮೊಲವನ್ನೋ ಕೊಂದು ಅಂಡಾಶಯ ನೋಡಬೇಕಿತ್ತು. 1930ರ ದಶಕದಲ್ಲಿ ಜೆನೋಪಸ್ ಕಪ್ಪೆಯ ಪರೀಕ್ಷೆ ಬಂತು. ಹೆಂಗಸಿನ ಮೂತ್ರವನ್ನು ಚುಚ್ಚಿದ ಕಪ್ಪೆ ಬೆಳಗಾಗುವುದರೊಳಗೆ ಮೊಟ್ಟೆ ಇಟ್ಟರೆ ಸಂಗತಿ ತಿಳಿಯಿತು. ಕಪ್ಪೆ ಸಾಯಬೇಕಿಲ್ಲ, ಮತ್ತೆ ಬಳಸಬಹುದು. 1960ರ ದಶಕದಿಂದ ಪ್ರನಾಳದೊಳಗೇ ನಡೆಯುವ ಪರೀಕ್ಷೆಗಳು ಬಂದು ಕಪ್ಪೆಯೂ ಬೇಡವಾಯಿತು. ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಪಟ್ಟಿಯ ಹಿಂದೆ ಇಷ್ಟೆಲ್ಲ ಇದೆ.

ಭಾರತ ಈ ಕತೆಯೊಳಗೆ ಬರುವುದು ಮಂಗಗಳ ಮೂಲಕ. ಪೋಲಿಯೊ ಲಸಿಕೆ ತಯಾರಿಸಲು ಮಂಗಗಳ ಮೂತ್ರಪಿಂಡದ ಜೀವಕೋಶಗಳು ಬೇಕಾಗಿದ್ದವು. 1950ರ ದಶಕದಲ್ಲಿ ಉತ್ತರ ಭಾರತದ ರೀಸಸ್ ಮಂಗಗಳನ್ನು ಹಿಡಿದು ರಾಶಿರಾಶಿಯಾಗಿ ವಿಮಾನದಲ್ಲಿ ಪಶ್ಚಿಮಕ್ಕೆ ಕಳಿಸುತ್ತಿದ್ದರು. 1955ರ ಜನವರಿಯಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಗಾಳಿಯಾಡದ ಕಡೆ ಇಟ್ಟಿದ್ದ, ನಾನೂರಕ್ಕೆ ಹತ್ತಿರದ ಮಂಗಗಳು ಉಸಿರುಕಟ್ಟಿ ಸತ್ತವು. ಪ್ರಯೋಗದ ಮೇಜನ್ನು ಅವು ತಲುಪಿರಲೇ ಇಲ್ಲ. ಭಾರತ ಸರ್ಕಾರ ಕೆಲಕಾಲ ರಫ್ತು ನಿಲ್ಲಿಸಿತು. ಪೂರ್ತಿ ನಿಷೇಧ ಬಂದದ್ದು 1978ರಲ್ಲಿ. ಪ್ರಾಣಿಯ ಸಂಕಟ ಚಾಕುವಿನ ತುದಿಯಿಂದಲೇ ಬರಬೇಕೆಂದಿಲ್ಲ. ಸಾಗಣೆ, ಇಕ್ಕಟ್ಟು, ಬಾಯಾರಿಕೆ, ಅಜ್ಞಾನ ಅದಕ್ಕಿಂತ ಹೆಚ್ಚು ಜೀವಗಳನ್ನು ತೆಗೆಯಬಲ್ಲವು. ಪ್ರಯೋಗದಿಂದ ನೇರವಾಗಿ ಆಗುವ ನೋವು ಬೇರೆ, ಅದರ ಆಚೀಚೆ ಬೇಜವಾಬ್ದಾರಿಯಿಂದ ಆಗುವ ನೋವು ಬೇರೆ ಎಂದು ರಸೆಲ್ ಮತ್ತು ಬರ್ಚ್ ಬೇರ್ಪಡಿಸಿ ಹೇಳಿದ್ದರು. ಎರಡನೆಯದನ್ನು ತಡೆಯಲು ಹೊಸ ಸಂಶೋಧನೆಯೇನೂ ಬೇಡ, ಕೆಲಸ ಬಲ್ಲವರು ಬೇಕು.

1959ರ ಆ ಪುಸ್ತಕವನ್ನು ವಿಜ್ಞಾನ ಲೋಕ ಹತ್ತು ಹದಿನೈದು ವರ್ಷ ಹೆಚ್ಚುಕಡಿಮೆ ಗಮನಿಸಲೇ ಇಲ್ಲ. ಲೇಖಕರಿಬ್ಬರೂ ಬೇರೆ ಬೇರೆ ದಾರಿ ಹಿಡಿದರು. 1970ರ ದಶಕದಲ್ಲಿ ಪರ್ಯಾಯಗಳ ಚರ್ಚೆ ಏರಿದಾಗ ಪುಸ್ತಕ ಮತ್ತೆ ಕೈಗೆ ಬಂತು. 1995ರಲ್ಲಿ ಇಂಗ್ಲೆಂಡಿನ ಶೆರಿಂಗಂ ಎಂಬ ಊರಿನಲ್ಲಿ ಯುರೋಪಿನ ತಜ್ಞರು ಒಂದು ಕಾರ್ಯಾಗಾರ ನಡೆಸಿದರು. ಊರು ಬರ್ಚ್ ಇದ್ದದ್ದೇ. ರಸೆಲ್ ಅವರೂ ಬಂದರು. ಮರುವರ್ಷ ಬರ್ಚ್ ತೀರಿಕೊಂಡರು, 2006ರಲ್ಲಿ ರಸೆಲ್. ಹ್ಯೂಮ್ 1981ರಲ್ಲೇ ಹೋಗಿದ್ದರು. ತಮ್ಮ ದೇಶದ 1876ರ ಕಾನೂನು ಬದಲಾಗುವುದನ್ನು ಅವರು ನೋಡಲಿಲ್ಲ.

ಕಾನೂನುಗಳ ಕತೆಯನ್ನು ಬೇಗ ಮುಗಿಸಬಹುದು. ವಿಶ್ವವಿದ್ಯಾಲಯದ ಮಟ್ಟದಲ್ಲಿ ತರಬೇತಿಯನ್ನು ಗಟ್ಟಿಯಾಗಿ ನಿಲ್ಲಿಸಿದವರು ಡಚ್ಚರು. 1977ರಲ್ಲಿ ನೆದರ್‌ಲ್ಯಾಂಡ್ಸ್ ಪ್ರಾಣಿಪ್ರಯೋಗ ಕಾನೂನು ಮಾಡಿತು. 1980ರ ದಶಕದಿಂದ ಅಲ್ಲಿ ಪ್ರಾಣಿಪ್ರಯೋಗ ಮಾಡಬಯಸುವ ವಿಜ್ಞಾನಿ ಮೂರು ವಾರಗಳ ಕೋರ್ಸು ಮುಗಿಸಲೇಬೇಕಾಯಿತು. ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಪ್ರಾಧ್ಯಾಪಕ ಪೀಠವೂ ಬಂತು. ಅಮೆರಿಕ 1985ರಲ್ಲಿ ತನ್ನ ಪ್ರಾಣಿಕ್ಷೇಮ ಕಾನೂನಿಗೆ ತಿದ್ದುಪಡಿ ತಂದು, ವಿಜ್ಞಾನಿಗೂ ಸಹಾಯಕನಿಗೂ ಮಾನವೀಯ ವಿಧಾನಗಳಲ್ಲಿ ತರಬೇತಿ ಕೊಡುವುದು ಸಂಸ್ಥೆಯ ಹೊಣೆ ಎಂದಿತು. ಬ್ರಿಟನ್ನಿನ 1876ರ ಕಾನೂನು ಕೊನೆಗೂ 1986ರಲ್ಲಿ ಹೋಗಿ ಹೊಸದು ಬಂತು. ವ್ಯಕ್ತಿಗೊಂದು, ಯೋಜನೆಗೊಂದು, ಜಾಗಕ್ಕೊಂದು ಅನುಮತಿ, ಪ್ರತಿ ಸಂಸ್ಥೆಗೂ ಹೊಣೆಗಾರ ಪಶುವೈದ್ಯ. 1990ರ ದಶಕದಲ್ಲಿ ಲೈಸೆನ್ಸಿಗೆ ಮೊದಲು ತರಬೇತಿ ಕಡ್ಡಾಯವಾಯಿತು. 2010ರ ಯುರೋಪಿಯನ್ ಒಕ್ಕೂಟದ ನಿರ್ದೇಶನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೋರ್ಸು ಮುಗಿದರೆ ಸಾಲದು, ಕೆಲಸ ಬರುತ್ತದೆಂದು ಮಾಡಿ ತೋರಿಸುವವರೆಗೆ ಮೇಲ್ವಿಚಾರಣೆಯಲ್ಲೇ ಇರಬೇಕು ಎಂದಿತು. ಈ ಕೊನೆಯ ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಹಸುವಿನ ಹಾಲು ಕರೆಯುವುದನ್ನು ಪುಸ್ತಕ ಓದಿ ಯಾರೂ ಕಲಿತಿಲ್ಲ.

ಏನನ್ನು ಕಲಿಸುತ್ತಾರೆ? ಚಿಟ್ಟಿಲಿಯನ್ನು ಎತ್ತುವ ಒಂದೇ ಕೆಲಸವನ್ನು ನೋಡಿ. ಪ್ರಯೋಗಶಾಲೆಗಳಲ್ಲಿ ಹಿಂದಿನಿಂದಲೂ ಬಾಲ ಹಿಡಿದು ಎತ್ತುವುದೇ ವಾಡಿಕೆ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಪ್ರಕಟಿಸಿದ ಅಧ್ಯಯನ ಆ ವಾಡಿಕೆಯನ್ನು ಅಲುಗಿಸಿತು. ಬಾಲ ಹಿಡಿದು ಎತ್ತಿಸಿಕೊಂಡ ಚಿಟ್ಟಿಲಿಗಳು ಮನುಷ್ಯನ ಕೈ ಕಂಡರೆ ದೂರ ಸರಿಯುತ್ತಿದ್ದವು, ಅವುಗಳ ಆತಂಕ ಹೆಚ್ಚಿತ್ತು. ಪ್ಲಾಸ್ಟಿಕ್ ಕೊಳವೆಯೊಳಗೆ ನುಗ್ಗಿಸಿಯೋ, ಎರಡು ಅಂಗೈ ಬಟ್ಟಲು ಮಾಡಿಯೋ ಎತ್ತಿದರೆ ಅವು ತಾವಾಗಿ ಹತ್ತಿರ ಬರುತ್ತಿದ್ದವು. ಕೊಳವೆಗೆ ಹೆಚ್ಚು ಖರ್ಚಿಲ್ಲ. ಆತಂಕದಲ್ಲಿರುವ ಪ್ರಾಣಿಯ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಏರುತ್ತವೆ, ನಡವಳಿಕೆ ಬದಲಾಗುತ್ತದೆ. ಅದರಿಂದ ಪಡೆದ ಅಂಕಿಯನ್ನು ನಂಬುವುದು ಕಷ್ಟ. ಹ್ಯೂಮ್ ಕಿರುಪುಸ್ತಕದಲ್ಲಿ ಹೇಳಿದ ಸ್ನೇಹದ ಮಾತಿಗೆ ಪುರಾವೆ ಇಲ್ಲಿತ್ತು.

ನೋವಿನ ಮಾತೂ ಹಾಗೆಯೇ. ಇಲಿಯಂಥ, ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವಿ ನೋವನ್ನು ಹೊರಗೆ ತೋರಿಸಿಕೊಳ್ಳುವುದಿಲ್ಲ. ತೋರಿಸಿದರೆ ಬೇಟೆಯಾಗುತ್ತದೆ. 2010ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಚಿಟ್ಟಿಲಿಯ ಮುಖದಲ್ಲಿ ನೋವು ಓದುವ ಅಳತೆಗೋಲು ಸಿದ್ಧಪಡಿಸಿದರು. ಕಣ್ಣು ಕಿರಿದಾಗುವುದು, ಮೂಗಿನ ಮೇಲ್ಭಾಗ ಮತ್ತು ಕೆನ್ನೆ ಉಬ್ಬುವುದು, ಕಿವಿ ಹಿಂದಕ್ಕೆ ಹೋಗುವುದು, ಮೀಸೆಯ ನಿಲುವು ಬದಲಾಗುವುದು: ಇವಕ್ಕೆ ಅಂಕ ಕೊಡುತ್ತಾ ಹೋದರೆ ನೋಡುವವರು ಬೇರೆಯಾದರೂ ಉತ್ತರ ಹತ್ತಿರ ಹತ್ತಿರ ಬರುತ್ತದೆ. 1903ರ ಆ ಪಾಠದ ಕೊಠಡಿಯಲ್ಲಿ ಇಲ್ಲದೆ ಹೋದದ್ದು ಇಂಥ ವಿದ್ಯೆಯೇ. ಕಲಿಯಬೇಕಾದದ್ದು ಇನ್ನೂ ಇದೆ. ಪ್ರಯೋಗಶಾಲೆಯ ಕೋಣೆ ನಮಗೆ ಹಿತವಾದ 20–24 ಡಿಗ್ರಿಯಲ್ಲಿರುತ್ತದೆ. ಚಿಟ್ಟಿಲಿಗೆ ಹಿತವಾದದ್ದು 30ರ ಆಸುಪಾಸು. ಹಿಡಿ ಕಾಗದದ ಚೂರು ಕೊಟ್ಟರೆ ಅದು ತಾನೇ ಗೂಡು ಕಟ್ಟಿ ಬೆಚ್ಚಗಾಗುತ್ತದೆ. ಗೂಡಿನ ಸ್ಥಿತಿ ನೋಡಿಯೇ ಪ್ರಾಣಿಯ ಆರೋಗ್ಯ ಊಹಿಸಬಹುದು. ಸಂಶೋಧಕ ಇದನ್ನೆಲ್ಲ ಕಲಿತಾಗ ಪಂಜರದ ಒಳಗನ್ನು ನೋಡುವ ಬಗೆಯೇ ಬದಲಾಗುತ್ತದೆ.

ನಮ್ಮ ದೇಶದ ಕಾನೂನು ಹಿಂದೆ ಬಿದ್ದದ್ದೇನಲ್ಲ. ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡವರು. ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾನೂನು ತರುವುದೆಂದು ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಕಾಯಿದೆ ಬಂತು. ಪ್ರಯೋಗವನ್ನು ಅರ್ಹರೇ ನಡೆಸಬೇಕು ಅಥವಾ ಅರ್ಹರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿದ್ದಲ್ಲಿ ಪ್ರಾಣಿ ಬಳಸಬಾರದು. ಬರೀ ಕೈಚಳಕ ಕಲಿಯಲೆಂದು ಪ್ರಯೋಗ ಮಾಡುವುದನ್ನು ಆದಷ್ಟು ಬಿಡಬೇಕು ಎಂಬ ಆಶಯಗಳು ಅದರಲ್ಲಿವೆ. ರಸೆಲ್ ಮತ್ತು ಬರ್ಚ್ ಪುಸ್ತಕ ಬಂದು ಆಗಿನ್ನೂ ಒಂದೇ ವರ್ಷ. 1964ರಲ್ಲಿ ಇದರ ಉಸ್ತುವಾರಿಗೆ ಸಿಪಿಸಿಎಸ್‌ಇಎ ಸಮಿತಿ ರಚನೆಯಾಯಿತು. ಈಗ ಅದರ ಹೆಸರು ಸಿಸಿಎಸ್‌ಇಎ. 1998ರ ನಿಯಮಗಳ ನಂತರ ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಬಂತು. ಅದರಲ್ಲಿ ವಿಜ್ಞಾನಿಯಲ್ಲದ ಒಬ್ಬ ನಾಗರಿಕನಿಗೂ ಜಾಗವಿದೆ. ರಸೆಲ್ ಮುಂದಿಟ್ಟ ಮೂರು ‘ಆರ್’ಗಳ ಜೊತೆಗೆ ನಾಲ್ಕನೆಯದಾಗಿ ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿಯನ್ನು ಭಾರತ ಸೇರಿಸಿತು. ಪ್ರಯೋಗ ಮುಗಿದ ಬೀಗಲ್ ನಾಯಿಗಳನ್ನು ಬೆಂಗಳೂರಿನ ಅನೇಕ ಕುಟುಂಬಗಳು ಮನೆಗೆ ಕರೆತಂದು ಸಾಕಿಕೊಂಡಿವೆ. ಹುಲ್ಲು ಮೆಟ್ಟಿ ಗೊತ್ತಿಲ್ಲದ, ಮೆಟ್ಟಿಲು ಹತ್ತಲು ಬಾರದ ಆ ನಾಯಿಗಳಿಗೆ ತಾಳ್ಮೆಯಿಂದ ಲೋಕ ಪರಿಚಯಿಸಿದವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು.

ನಮ್ಮ ತಲೆಮಾರಿನ ಬಿಎಸ್ಸಿ ಪ್ರಾಣಿಶಾಸ್ತ್ರದವರಿಗೆ ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿಟ್ಟ ಕಪ್ಪೆಯೇ ಪ್ರಾಯೋಗಿಕ ಪಾಠ. ಯುಜಿಸಿ 2011ರಲ್ಲಿ ಛೇದನ ಹಂತಹಂತವಾಗಿ ಬಿಡಲು ಹೇಳಿ, 2014ರಲ್ಲಿ ಪೂರ್ತಿ ನಿಲ್ಲಿಸಿತು. ಪುದುಚೇರಿಯ ಜಿಪ್ಮರ್‌ನಲ್ಲಿ ರೂಪುಗೊಂಡ ‘ಎಕ್ಸ್‌ಫಾರ್ಮ್’ ತಂತ್ರಾಂಶದಂಥವು ಔಷಧವಿಜ್ಞಾನದ ಎಷ್ಟೋ ಪಾಠಗಳನ್ನು ಕಂಪ್ಯೂಟರಿಗೆ ತಂದವು. ಇದು ಒಳ್ಳೆಯದೇ ಆಯಿತು. ಆದರೆ ಇದರಿಂದ ಒಂದು ಹೊಸ ಹೊಣೆ ಬಂದಿದೆ. ಪದವಿಯಲ್ಲಿ ಪ್ರಾಣಿಯನ್ನೇ ಮುಟ್ಟದ ವಿದ್ಯಾರ್ಥಿ ಪಿಎಚ್‌ಡಿಗೆ ಬಂದಾಗ ಮೊದಲ ಬಾರಿಗೆ ಬದುಕಿರುವ ಇಲಿಯನ್ನು ಹಿಡಿಯುತ್ತಾನೆ. ಅವನಿಗೆ ಕೈ ನಡುಗುತ್ತದೆ, ಇಲಿ ಹೆದರುತ್ತದೆ, ಕಚ್ಚುತ್ತದೆ. ಆಮೇಲೆ ಅವನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ. ಆ ಮೊದಲ ದಿನಕ್ಕೆ ಮುಂಚೆ ಅವನಿಗೆ ಕಲಿಸಿರಬೇಕು.

ಕಲಿಸುವವರು ನಮ್ಮಲ್ಲಿ ಇಲ್ಲದಿಲ್ಲ. 1957ರಲ್ಲಿ ಮುಂಬೈಯಲ್ಲಿ ಪ್ರಯೋಗಪ್ರಾಣಿ ಮಾಹಿತಿ ಸೇವೆಯಾಗಿ ಶುರುವಾಗಿ, 1976ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಗೆ ಬಂದ ಕೇಂದ್ರ ತಂತ್ರಜ್ಞರಿಗೂ ಮೇಲ್ವಿಚಾರಕರಿಗೂ ದಶಕಗಳ ಕಾಲ ತರಬೇತಿ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್‌ನಂಥ ಕಡೆ ಸುಸಜ್ಜಿತ ಪ್ರಾಣಿಶಾಲೆಗಳಿವೆ, ಪಶುವೈದ್ಯರೂ ಇದ್ದಾರೆ. ಆ ಅನುಕೂಲವಿಲ್ಲದ ಕಾಲೇಜುಗಳ ಸಂಶೋಧಕರು ಒಂದು ವಾರವಾದರೂ ಅಲ್ಲಿ ಬಂದು ಕೈ ಪಳಗಿಸಿಕೊಳ್ಳುವ ಏರ್ಪಾಡನ್ನು ನಮ್ಮ ವಿಶ್ವವಿದ್ಯಾಲಯಗಳು ಮಾಡಬೇಕು. ಒಂದು ದಿನದ ಉಪನ್ಯಾಸ, ಊಟ, ಪ್ರಮಾಣಪತ್ರಕ್ಕೆ ಅದು ಮುಗಿಯಬಾರದು.

ಇನ್ನೊಂದು ಕೇಳಿಕೆಯಿದೆ. ನಮ್ಮ ಅನಿಮಲ್ ಹೌಸುಗಳಲ್ಲಿ ಬೆಳಿಗ್ಗೆ ಬಾಗಿಲು ತೆಗೆದು, ಪಂಜರದ ಭತ್ತದ ಹೊಟ್ಟು ಬದಲಾಯಿಸಿ, ನೀರಿನ ಬಾಟಲಿ ತುಂಬುವವರು ಅಟೆಂಡರುಗಳು. ಭಾನುವಾರವೂ, ಹಬ್ಬದ ದಿನವೂ ಬರುವವರು ಅವರು. ಪ್ರಾಣಿಗೆ ಹುಷಾರಿಲ್ಲವೆಂದು ಮೊದಲು ಕಾಣುವುದು ಅವರ ಕಣ್ಣಿಗೆ. ಅವರಿಗೆ ನಿಯಮಗಳು ಇಂಗ್ಲಿಷಿನಲ್ಲಿ ಗೋಡೆಯ ಮೇಲೆ ನೇತಾಡುತ್ತಿವೆ. 1947ರಲ್ಲಿ ಯೂಫಾ ಮಾಡಿದ ಕೆಲಸವನ್ನು ನಾವು ಈಗಲಾದರೂ ಮಾಡೋಣ: ಪಶುವೈದ್ಯರು, ಸಂಶೋಧಕರು, ಅನುಭವಿ ಅಟೆಂಡರುಗಳು ಒಟ್ಟಿಗೆ ಕೂತು, ನಮ್ಮ ಸೆಕೆ, ನಮ್ಮ ಮೇವು, ನಮ್ಮ ಕರೆಂಟ್ ಹೋಗುವ ಹೊತ್ತು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಪ್ರಯೋಗಪ್ರಾಣಿಗಳ ಆರೈಕೆಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲಿ. ಅಚ್ಚು ಹಾಕಿಸುವ ಹೊಣೆಯನ್ನು ಕರ್ನಾಟಕದ ಯಾವುದಾದರೂ ಒಂದು ವಿಶ್ವವಿದ್ಯಾಲಯ ಈ ಶತಮಾನೋತ್ಸವದ ವರ್ಷದಲ್ಲೇ ಹೊರಲಿ.